ಸೂಪರ್‌ಕ್ರಿಟಿಕಲ್ ಸಿಒ2: ಬಿಸಿ ಏರಿಸಿದರೆ ಎಣ್ಣೆ ಯಾಕೆ ಕಡಿಮೆ ಬರುತ್ತೆ?

ಎಣ್ಣೆಗಾಣ

ಹೆಚ್ಚು ಒತ್ತಡದ ಸಿಒ2 (ಕಾರ್ಬನ್ ಡೈಆಕ್ಸೈಡ್) ಹರಿಸಿ, ಅದರಲ್ಲಿ ಕರಗಿಸಿ ಬೀಜದ ಎಣ್ಣೆ ತೆಗೀತಿದ್ದೀನಿ. ಸಿಪ್ಪೆ ತೆಗೆದ ಸೂರ್ಯಕಾಂತಿ ಬೀಜ, ಪುಡಿ ಮಾಡಿದ್ದು, 100 ಗ್ರಾಂ. ವೆಸೆಲ್ (ಒತ್ತಡ ತಡೆಯುವ ಪಾತ್ರೆ) 200 ಮಿಲಿ, ಒಳವ್ಯಾಸ 4 ಸೆಂಮೀ, 400 ಬಾರ್‌ಗೆ ರೇಟ್ ಆಗಿದೆ. ಸಿಒ2 ಹರಿವು ನಿಮಿಷಕ್ಕೆ 20 ಗ್ರಾಂ. ಒತ್ತಡ 200 ಬಾರ್. 40 ಡಿಗ್ರಿಯಲ್ಲಿ ಮೊದಲ ಗಂಟೆಗೆ 4 ಗ್ರಾಂ ಎಣ್ಣೆ ಬಂತು. ಇದು ತೀರಾ ನಿಧಾನ ಅಂತ 60 ಡಿಗ್ರಿಗೆ ಏರಿಸಿದರೆ ಎರಡೂವರೆ ಗ್ರಾಂಗೆ ಇಳಿಯಿತು! ಬಿಸಿಯಾದಷ್ಟೂ ಹೆಚ್ಚು ಕರಗಬೇಕಲ್ಲವೇ? ತಾಪಮಾನ ಅಳೆಯೋ ಥರ್ಮೋಕಪಲ್ ಬದಲಿಸಿ ನೋಡಿದೆ, ಅದೇ ಕತೆ.

ಇನ್ನೆರಡು ತೊಂದರೆ. ಒಂದು ಗಂಟೆ ಓಡಿದ ಮೇಲೆ ಪಂಪ್ ಶಬ್ದ ಬದಲಾಗಿ ಹರಿವು ಬೀಳುತ್ತೆ. ಹೊರಗಿನ ವಾಲ್ವ್‌ನಿಂದ ಎಣ್ಣೆ ಒಂದೇ ಸಮ ಬರೋದಿಲ್ಲ. ಸ್ವಲ್ಪ ಹೊತ್ತು ಏನೂ ಇಲ್ಲ, ಆಮೇಲೆ ಫಟ್ ಅಂತ ಉಗುಳುತ್ತೆ.

ಸಾಂದ್ರತೆ_ಮೊದಲು

ನಿಮ್ಮ ಥರ್ಮೋಕಪಲ್ ಸರಿಯಾಗಿಯೇ ಇದೆ. ನೀವು ನೋಡಿದ್ದು ದೋಷವಲ್ಲ, ಸಿಒ2ವಿನ ಸ್ವಭಾವ.

ನೀರಿನಲ್ಲಿ ಸಕ್ಕರೆ ಕರಗುವಾಗ ಬಿಸಿಯಿಂದ ನೀರಿನ ಸಾಂದ್ರತೆ ಹೆಚ್ಚೇನೂ ಬದಲಾಗುವುದಿಲ್ಲ. ಸಿಒ2 ಹಾಗಲ್ಲ. ಅದರ ಕ್ರಿಟಿಕಲ್ ಬಿಂದು, ಅಂದರೆ ದ್ರವ–ಅನಿಲ ಭೇದ ಅಳಿದು ಸಿಒ2 ಸೂಪರ್‌ಕ್ರಿಟಿಕಲ್ ಆಗುವ ಜಾಗ, 31.1 ಡಿಗ್ರಿ, 73.8 ಬಾರ್. ಅದರ ಆಸುಪಾಸಿನಲ್ಲಿ ಓಡಿಸುವಾಗ ತಾಪಮಾನ ಸ್ವಲ್ಪ ಏರಿದರೂ ಅದು ಉಬ್ಬಿ ಸಡಿಲವಾಗುತ್ತದೆ. 200 ಬಾರ್‌ನಲ್ಲಿ 40 ಡಿಗ್ರಿಗೆ ಲೀಟರಿಗೆ 840 ಗ್ರಾಂ ಇದ್ದದ್ದು 60 ಡಿಗ್ರಿಗೆ 724ಕ್ಕೆ ಬೀಳುತ್ತದೆ. ಎಣ್ಣೆಯನ್ನು ಹಿಡಿದುಕೊಳ್ಳುವ ಶಕ್ತಿ ಸಾಂದ್ರತೆಯದು, ಅದೂ ಸುಮಾರು ಹತ್ತು ಹನ್ನೊಂದನೆಯ ಘಾತದಲ್ಲಿ! ಸಾಂದ್ರತೆ ಶೇ. 14 ಬಿದ್ದರೆ ಅದರ ಪಾಲಿನ ಕರಗಿಸುವ ಶಕ್ತಿ ಐದರಲ್ಲಿ ಒಂದಕ್ಕೆ ಇಳಿಯುತ್ತದೆ. ಇನ್ನೊಂದು ಕಡೆ ಬಿಸಿಯಿಂದ ಎಣ್ಣೆಯ ಆವಿ ಒತ್ತಡ ಏರಿ, ಅಣುಗಳು ದ್ರವ ಬಿಟ್ಟು ಹೊರಡಲು ಸುಲಭವಾಗುತ್ತದೆ. ಈ ಎರಡರ ಎಳೆದಾಟದಲ್ಲಿ 200 ಬಾರ್‌ನಲ್ಲಿ ಗೆಲ್ಲುವುದು ಸಾಂದ್ರತೆ. ಒತ್ತಡ ಏರಿದಂತೆ ಸಿಒ2 ಅಷ್ಟು ಸುಲಭವಾಗಿ ಉಬ್ಬುವುದಿಲ್ಲ. ಆಗ ಆವಿ ಒತ್ತಡದ ಕೈ ಮೇಲಾಗುತ್ತದೆ. ಕೈ ಬದಲಾಗುವ ಆ ಜಾಗಕ್ಕೆ ಕ್ರಾಸ್‌ಓವರ್ ಎನ್ನುತ್ತಾರೆ. ಖಾದ್ಯ ತೈಲಗಳಿಗೆ ಅದು 300 ಬಾರ್‌ನ ಹತ್ತಿರ ಬರುತ್ತದೆ.

ಲೆಕ್ಕ ಹಾಕಲು 1988ರ ಡೆಲ್ ವಾಲೆ–ಅಗಿಲೆರಾ ಸಮೀಕರಣ ಸಾಕು:

ಲಾಗ್(ಸಿ) = 40.361 − 18708/ಟಿ + 2186840/ಟಿ² + 10.724 × ಲಾಗ್(ಸಾಂದ್ರತೆ)

ಸಿ ಎಂದರೆ ಒಂದು ಲೀಟರ್ ಸಿಒ2ವಿನಲ್ಲಿ ಕರಗುವ ಎಣ್ಣೆ, ಗ್ರಾಂಗಳಲ್ಲಿ. ಟಿ ಕೆಲ್ವಿನ್‌ನಲ್ಲಿ, ಸಾಂದ್ರತೆ ಲೀಟರಿಗೆ ಕೆಜಿಯಲ್ಲಿ, ಲಾಗ್ ನೈಸರ್ಗಿಕದ್ದು. ಹತ್ತರ ಲಾಗ್ ಹಾಕಿ ತಲೆ ಕೆರೆದುಕೊಳ್ಳಬೇಡಿ. 1982ರ ಕ್ರಾಸ್ಟಿಲ್ ಸಮೀಕರಣಕ್ಕೆ ಟಿ² ಇರುವ ಪದವೊಂದನ್ನು ಸೇರಿಸಿದ್ದಷ್ಟೇ ಇದರ ಹೊಸತನ. ಬಿಸಿಯಾದಂತೆ ಎಣ್ಣೆಯ ಆವಿಯಾಗುವ ಶಾಖ ಬದಲಾಗುವುದನ್ನು ಆ ಪದ ನೋಡಿಕೊಳ್ಳುತ್ತದೆ. 20ರಿಂದ 80 ಡಿಗ್ರಿ, 150ರಿಂದ 880 ಬಾರ್ ಒಳಗೆ ಬಳಸಿ. ಅದರಾಚೆ ನಂಬಬೇಡಿ.

ಹಾಕಿ ನೋಡಿದರೆ 200 ಬಾರ್‌ನಲ್ಲಿ 40 ಡಿಗ್ರಿಗೆ ಲೀಟರಿಗೆ 2.9 ಗ್ರಾಂ, 60 ಡಿಗ್ರಿಗೆ 1.55. 300 ಬಾರ್‌ನಲ್ಲಿ ಎರಡಕ್ಕೂ ಹೆಚ್ಚುಕಡಿಮೆ 6.75. 500 ಬಾರ್‌ಗೆ ಹೋದರೆ 40ಕ್ಕೆ 17, 60ಕ್ಕೆ 24, 80ಕ್ಕೆ 33. ಅದೇ ಬಿಸಿ, ಅಲ್ಲಿ ಇಳಿಸಿದ್ದು ಇಲ್ಲಿ ಏರಿಸುತ್ತದೆ.

ಬೀಜಗಣಿತ

ಒಂದು ತಿದ್ದುಪಡಿ. ಲೀಟರಿನ ಲೆಕ್ಕಕ್ಕೂ ಕೆಜಿ ಲೆಕ್ಕಕ್ಕೂ ಕ್ರಾಸ್‌ಓವರ್ ಒಂದೇ ಕಡೆ ಬೀಳುವುದಿಲ್ಲ. ಗಾಣದವರ ಪಂಪ್ ಅಳೆಯುವುದು ನಿಮಿಷಕ್ಕೆ ಇಷ್ಟು ಗ್ರಾಂ ಎಂದು. ಹಾಗಾಗಿ ಅವರಿಗೆ ಬೇಕಾದ್ದು ಒಂದು ಕೆಜಿ ಸಿಒ2 ಎಷ್ಟು ಎಣ್ಣೆ ಹೊರುತ್ತದೆ ಎಂಬುದು. 6.75 ಗ್ರಾಂ ಅನ್ನು 40 ಡಿಗ್ರಿಯಲ್ಲಿ 0.91ರಿಂದ ಭಾಗಿಸಿದರೆ ಕೆಜಿಗೆ 7.4, 60 ಡಿಗ್ರಿಯಲ್ಲಿ 0.83ರಿಂದ ಭಾಗಿಸಿದರೆ 8.1. ಅಂದರೆ 300ರಲ್ಲಿ ಆಗಲೇ 60 ಡಿಗ್ರಿ ಮುಂದಿದೆ. ಸಮ ಆಗುವುದು 250ಕ್ಕೂ 280ಕ್ಕೂ ನಡುವೆ. ಬೇರೆ ಬೇರೆ ಲೇಖನಗಳಲ್ಲಿ ಬೇರೆ ಬೇರೆ ಕ್ರಾಸ್‌ಓವರ್ ಕಂಡು ಗೊಂದಲವಾದರೆ ಮೊದಲು ಏಕಮಾನ ನೋಡಿ.

ಗಾಣದವರ ಅಂಕಿ ಪರೀಕ್ಷಿಸೋಣ. ಗಂಟೆಗೆ 1.2 ಕೆಜಿ ಸಿಒ2. 200 ಬಾರ್, 40 ಡಿಗ್ರಿ: 3.4 × 1.2 = 4.1 ಗ್ರಾಂ. 60 ಡಿಗ್ರಿ: 2.14 × 1.2 = 2.6 ಗ್ರಾಂ. ಅವರಿಗೆ ಬಂದದ್ದು 4 ಮತ್ತು 2.5. ಅಂದರೆ ಹೊರಬರುವ ಸಿಒ2 ಪೂರ್ತಿ ತುಂಬಿಕೊಂಡೇ ಬರುತ್ತಿದೆ. ಬೆಡ್‌ನಲ್ಲಾಗಲೀ (ವೆಸೆಲ್‌ನಲ್ಲಿ ತುಂಬಿದ ಪುಡಿಯ ರಾಶಿ) ಪುಡಿಯಲ್ಲಾಗಲೀ ಈಗ ತಪ್ಪಿಲ್ಲ. ಇಲ್ಲಿ ಕೈ ಕಟ್ಟಿರುವುದು ಕರಗುವಿಕೆ ಒಂದೇ.

350 ಬಾರ್, 60 ಡಿಗ್ರಿಗೆ ಹೋಗಿ: ಸಾಂದ್ರತೆ 0.863, ಲೀಟರಿಗೆ 10.3, ಕೆಜಿಗೆ 12 ಗ್ರಾಂ. ಗಂಟೆಗೆ 14 ಗ್ರಾಂ ಬರಬೇಕು.

ಪಂಪ್‌ಹೆಡ್

ಪಂಪ್ ವಿಷಯ. ಗಂಟೆ ಕಳೆದ ಮೇಲೆ ಹರಿವು ಬೀಳುವುದು ಬಹುಪಾಲು ಪಂಪ್‌ನ ಹೆಡ್ (ಪಿಸ್ಟನ್ ಒತ್ತುವ ಭಾಗ) ಬಿಸಿಯಾಗುವುದರಿಂದ. ಸಿಲಿಂಡರ್‌ನಲ್ಲಿ ಸಿಒ2 ಕುದಿಯುವ ಅಂಚಿನಲ್ಲೇ ಇರುತ್ತದೆ: 20 ಡಿಗ್ರಿಗೆ 57 ಬಾರ್, ಅಷ್ಟೇ ಅದರ ಆವಿ ಒತ್ತಡ. ಪಿಸ್ಟನ್ ಹಿಂದಕ್ಕೆ ಎಳೆದಾಗ ಒತ್ತಡ ತುಸು ಇಳಿದರೂ ದ್ರವ ಗುಳ್ಳೆಯಾಗುತ್ತದೆ. ಪಿಸ್ಟನ್ ಮುಂದೆ ಹೋದಾಗ ಆ ಗುಳ್ಳೆಯನ್ನೇ ಒತ್ತುತ್ತಾ ಕೂರುತ್ತದೆ, ಚೆಕ್ ವಾಲ್ವ್ ತೆರೆಯುವುದೇ ಇಲ್ಲ. ಟಕ್ ಟಕ್ ಅನ್ನುವ ಬದಲು ಮೆತ್ತನೆಯ ಶಬ್ದ ಬರುತ್ತದೆಯಲ್ಲ, ಅದು ಇದೇ.

ಸಿಲಿಂಡರ್ ಸೈಫನ್ ಟ್ಯೂಬ್ ಇರುವುದೇ ಆಗಿರಬೇಕು, ದ್ರವ ತಳದಿಂದ ಬರಬೇಕು. ಪಂಪ್‌ಗೆ ಹೋಗುವ ಮೊದಲು ಕಾಯಿಲ್‌ನಲ್ಲಿ 0ರಿಂದ 5 ಡಿಗ್ರಿಗೆ ತಣ್ಣಗಾಗಬೇಕು. ಬರೀ ಕಾಯಿಲ್ ತಣ್ಣಗಿದ್ದರೆ ಸಾಲದು, ಹೆಡ್‌ಗೂ ಚಿಲ್ಲರ್ ನೀರು–ಗ್ಲೈಕಾಲ್ ಹರಿಯಬೇಕು. ಸಿಒ2 ಒತ್ತಿದಾಗ ತಾನೇ ಬಿಸಿಯಾಗಿ ಆ ಬಿಸಿಯನ್ನು ಹೆಡ್‌ನಲ್ಲಿ ಬಿಟ್ಟು ಹೋಗುತ್ತದೆ. ಚಿಲ್ಲರ್‌ನಿಂದ ಹೆಡ್‌ವರೆಗಿನ ಪೈಪಿಗೆ ಫೋಮ್ ಸುತ್ತಿ. ಅರ್ಧ ಮೀಟರ್ ಬರಿ ಪೈಪ್ ಇದ್ದರೂ ಮಾಡಿದ ಕೆಲಸ ವ್ಯರ್ಥ.

ಇನ್ನೊಂದು ಸಾಧ್ಯತೆ: ಸಿಲಿಂಡರ್‌ನಲ್ಲಿ ದ್ರವ ಮುಗಿದಿದೆ. ಗೇಜ್ ನೋಡಿದರೆ ಗೊತ್ತಾಗುವುದಿಲ್ಲ. ದ್ರವ ಒಂದು ಹನಿ ಇರುವವರೆಗೂ ಅದೇ ಒತ್ತಡ ತೋರಿಸುತ್ತದೆ. ಸಿಲಿಂಡರ್ ಅನ್ನು ತಕ್ಕಡಿ ಮೇಲೆ ಇಡಿ, ತೂಕ ಬರೆದುಕೊಳ್ಳಿ. ಅದೇ ತೂಕ ನಿಮ್ಮ ಸಿಒ2 ಹರಿವಿನ ಮೀಟರ್ ಸುಳ್ಳು ಹೇಳುತ್ತಿದೆಯೇ ಎಂದೂ ತಿಳಿಸುತ್ತದೆ.

ಹೀಲಿಯಂ ತುಂಬಿ ಒತ್ತಡ ಏರಿಸಿದ ಸಿಲಿಂಡರ್ ಸಿಕ್ಕರೆ ಬಿಡಿ. ಪಂಪ್‌ಗೆ ಹಾಯೆನಿಸುತ್ತದೆ, ನಿಜ. ಆದರೆ ಕರಗಿದ ಹೀಲಿಯಂ ಸಾಂದ್ರತೆಯನ್ನು ತಗ್ಗಿಸಿ ಕರಗುವಿಕೆಯನ್ನು ಕೆಡಿಸುತ್ತದೆ, ಅದೂ ಸಿಲಿಂಡರ್ ಖಾಲಿಯಾದಂತೆ ಬೇರೆ ಬೇರೆ ಪ್ರಮಾಣದಲ್ಲಿ.

ವಾಲ್ವ್ ಉಗುಳುವುದಕ್ಕೆ ಕಾರಣ ಹಿಮ. 300 ಬಾರ್‌ನಿಂದ ಒಮ್ಮೆಗೇ ವಾತಾವರಣದ ಒತ್ತಡಕ್ಕೆ ಬಿಟ್ಟರೆ ಸಿಒ2 ಗಟ್ಟಿಯಾಗಿ ಡ್ರೈ ಐಸ್ ಆಗುತ್ತದೆ. ಜೊತೆಗೆ ಬೀಜದ ತೇವ ಹೆಪ್ಪುಗಟ್ಟುತ್ತದೆ, ಎಣ್ಣೆ ಮೇಣದಂತೆ ಬಿಗಿಯುತ್ತದೆ. ಮೂರೂ ಸೇರಿ ವಾಲ್ವ್ ಸೂಜಿಯ ತುದಿಯಲ್ಲಿ ಬಿರಡೆ. ಹಿಂದೆ ಒತ್ತಡ ಏರಿ ಬಿರಡೆ ಸಿಡಿಯುತ್ತದೆ, ಮತ್ತೆ ಕಟ್ಟುತ್ತದೆ. ನಿಮಿಷಕ್ಕೆ 20 ಗ್ರಾಂ ಹರಿವಿಗೆ 70 ವ್ಯಾಟ್ ಆಸುಪಾಸು ಶಾಖ ನೇರ ಗ್ಯಾಸಿಗೇ ಸೇರಬೇಕು. ಸುತ್ತಲಿನ ಗಾಳಿಗೆ ಹೋಗುವ ನಷ್ಟ ಸೇರಿಸಿದರೆ 150–200 ವ್ಯಾಟ್ ಹೀಟಿಂಗ್ ಟೇಪ್ ಬೇಕು. 50 ವ್ಯಾಟ್ ಸುತ್ತಿ ದೇವರ ಮೇಲೆ ಭಾರ ಹಾಕುವವರು ಜಾಸ್ತಿ. ಥರ್ಮೋಕಪಲ್ ಟೇಪ್ ಮೇಲಲ್ಲ, ವಾಲ್ವ್ ಬಾಡಿ ಮೇಲೆ ಕೂರಿಸಿ 80ರಿಂದ 100 ಡಿಗ್ರಿಗೆ ಹಿಡಿದಿಡಿ. ವಾಲ್ವ್‌ನ ಪ್ಯಾಕಿಂಗ್ ಎಷ್ಟು ಬಿಸಿ ತಡೆಯುತ್ತದೆಂದು ಮೊದಲು ನೋಡಿಕೊಳ್ಳಿ. ಸಾಧ್ಯವಿದ್ದರೆ ಎರಡು ವಾಲ್ವ್ ಸಾಲಾಗಿ ಹಾಕಿ: ಮೊದಲನೆಯದು 120–150 ಬಾರ್‌ಗೆ ಇಳಿಸಲಿ, ಎರಡನೆಯದು ಉಳಿದದ್ದನ್ನು. ಒಂದೊಂದರ ಮೇಲಿನ ಹೊರೆ ಕಡಿಮೆಯಾಗುತ್ತದೆ.

ಎಣ್ಣೆಗಾಣ

ಹೆಡ್‌ಗೆ ಚಿಲ್ಲರ್ ಲೈನ್ ಇಲ್ಲ, ಕಾಯಿಲ್ ಮಾತ್ರ. ಟೇಪ್ 60 ವ್ಯಾಟ್! ಎರಡನ್ನೂ ಸರಿ ಮಾಡ್ತೀನಿ.

ಎಥೆನಾಲ್ ಶೇ. 10 ಸೇರಿಸಿದರೆ ಒತ್ತಡ ಏರಿಸದೆಯೇ ಕೆಲಸ ಆಗಲ್ವಾ?

ಅಂಟುಮುಕ್ತ

ಆಗುತ್ತದೆ, ಆದರೆ ಬೇಡದ್ದೂ ಜೊತೆಗೆ ಬರುತ್ತದೆ. ಸಿಒ2 ತೆಗೆದ ಎಣ್ಣೆಯ ದೊಡ್ಡ ಗುಣವೇ ಅದರಲ್ಲಿ ಫಾಸ್ಫೋಲಿಪಿಡ್ (ಎಣ್ಣೆಯಲ್ಲಿ ಅಂಟಾಗುವ, ರಂಜಕವಿರುವ ಕೊಬ್ಬು) ಇಲ್ಲದಿರುವುದು. ಶುದ್ಧ ಸಿಒ2ಗೆ ಧ್ರುವೀಯ ಅಣುಗಳು ಒಗ್ಗುವುದಿಲ್ಲ, ಅವು ಹಿಂಡಿಯಲ್ಲೇ ಉಳಿಯುತ್ತವೆ. ಹೆಕ್ಸೇನ್ ಎಂಬ ದ್ರಾವಕದಿಂದ ತೆಗೆದ ಕಚ್ಚಾ ಸೋಯಾ ಎಣ್ಣೆಯಲ್ಲಿ ನೂರಾರು ಪಿಪಿಎಂ ರಂಜಕ ಇರುತ್ತದೆ, ಅಂಟು ತೆಗೆಯುವ ಹಂತ ಬೇಕೇ ಬೇಕು. ಸಿಒ2 ಎಣ್ಣೆಗೆ ಆ ಹಂತವೇ ಇಲ್ಲ. ಅಮೆರಿಕದ ಪಿಯೋರಿಯಾದಲ್ಲಿರುವ ಕೃಷಿ ಇಲಾಖೆಯ ಪ್ರಯೋಗಾಲಯ 1980ರ ದಶಕದಲ್ಲಿ ಸೋಯಾ ಮೇಲೆ ಮಾಡಿದ ಕೆಲಸದಲ್ಲೇ ಇದು ಸ್ಪಷ್ಟವಾಗಿ ಕಂಡಿತ್ತು. ಎಥೆನಾಲ್ ಹಾಕಿದರೆ ಫಾಸ್ಫೋಲಿಪಿಡ್, ನೀರು, ಬಣ್ಣ ಎಲ್ಲ ಸೇರಿಕೊಳ್ಳುತ್ತವೆ. ಆಮೇಲೆ ಎಥೆನಾಲ್ ಆವಿ ಮಾಡಿ ತೆಗೆಯುವ ಕೆಲಸ ಬೇರೆ. ಆ ಫಾಸ್ಫೋಲಿಪಿಡ್‌ಗಳ ಮಿಶ್ರಣವಾದ ಲೆಸಿಥಿನ್ ಬೇಕಿದ್ದರೆ ಮೊದಲು ಬರೀ ಸಿಒ2 ಹರಿಸಿ ಎಣ್ಣೆ ತೆಗೆದು, ನಂತರ ಉಳಿದ ಹಿಂಡಿಗೆ ಎಥೆನಾಲ್ ಸೇರಿಸಿ ಹರಿಸುವುದು ಜಾಣತನ.

ಒಂದು ಎಚ್ಚರಿಕೆ. ಫಾಸ್ಫೋಲಿಪಿಡ್ ಇಲ್ಲದ್ದು ವರ ಮಾತ್ರವಲ್ಲ. ಅವು ಟೋಕೋಫೆರಾಲ್‌ಗಳಿಗೆ (ವಿಟಮಿನ್ ಇ) ಬೆಂಬಲ ಕೊಟ್ಟು, ಲೋಹದ ಕಣಗಳನ್ನು ಕಟ್ಟಿಹಾಕಿ ಎಣ್ಣೆ ಕಮಟಾಗದಂತೆ ಕಾಯುತ್ತವೆ. ಅವಿಲ್ಲದೆ ಸಿಒ2 ಎಣ್ಣೆ ನೋಡಲು ತಿಳಿಯಾಗಿದ್ದರೂ ಬೇಗ ಆಕ್ಸಿಡೀಕರಣಗೊಳ್ಳುತ್ತದೆ. ತೆಗೆದ ಕೂಡಲೆ ಗಾಢ ಬಣ್ಣದ ಬಾಟಲಿಗೆ ಹಾಕಿ, ಮೇಲೆ ನೈಟ್ರೋಜನ್ ಊದಿ, ತಂಪಿನಲ್ಲಿಡಿ.

ಇನ್ನೊಂದು: ಮೊದಲ ಹತ್ತು ನಿಮಿಷದ ಎಣ್ಣೆಯನ್ನೂ ಕೊನೆಯ ಹತ್ತು ನಿಮಿಷದ್ದನ್ನೂ ಒಂದೇ ಎಂದು ತಿಳಿಯಬೇಡಿ. ಬಿಡಿ ಕೊಬ್ಬಿನಾಮ್ಲಗಳು ಎಣ್ಣೆಯ ಮುಖ್ಯ ಭಾಗವಾದ ಟ್ರೈಗ್ಲಿಸರೈಡ್‌ಗಿಂತ ಸುಲಭವಾಗಿ ಕರಗುತ್ತವೆ. ಮೊದಲು ಹೊರಡುವುದು ಅವೇ. ಹಳೆಯ ಬೀಜವಾದರೆ ಮೊದಲ ಮಾದರಿಯ ಆಮ್ಲ ಮೌಲ್ಯ ನೋಡಿ ಗಾಬರಿಯಾಗುತ್ತದೆ. ಕ್ಯಾರೊಟಿನಾಯ್ಡ್‌ಗಳು ಇದಕ್ಕೆ ತದ್ವಿರುದ್ಧ, ಕಷ್ಟಪಟ್ಟು ಕರಗುತ್ತವೆ. ಕೊನೆಗೆ ಬರುವ ಎಣ್ಣೆಯ ಬಣ್ಣ ಗಾಢವಾಗುವುದು ಅದಕ್ಕೇ. ವಿಶ್ಲೇಷಣೆಗೆ ಕಳಿಸುವುದಾದರೆ ಇಡೀ ಸಂಗ್ರಹ ಬೆರೆಸಿ ಕಳಿಸಿ, ಇಲ್ಲವೇ ಯಾವ ಹೊತ್ತಿನದು ಎಂದು ಬರೆದು ಕಳಿಸಿ.

ಬೀಜಗಣಿತ

ಅಂಟುಮುಕ್ತ ಅವರ ಮಾತಿಗೆ ಸೇರಿಸುವುದು ಇಷ್ಟೇ: ಎಥೆನಾಲ್ ಸೇರಿಸಿದ ಕೂಡಲೆ ಮೇಲಿನ ಸಮೀಕರಣ ಕೆಲಸಕ್ಕೆ ಬಾರದು. ಮಿಶ್ರಣದ ಕ್ರಿಟಿಕಲ್ ಬಿಂದುವೂ ಮೇಲಕ್ಕೆ ಸರಿಯುತ್ತದೆ. ಕಡಿಮೆ ಒತ್ತಡದಲ್ಲಿ ಮಿಶ್ರಣ ಎರಡಾಗಿ ಒಡೆದು ಎಥೆನಾಲ್ ದ್ರವವಾಗಿ ಬೆಡ್‌ನ ತಳ ಸೇರಿದರೆ, ನೀವು ಮಾಡುತ್ತಿರುವುದು ಸಿಒ2 ನಿಷ್ಕರ್ಷಣೆಯೋ ಎಥೆನಾಲ್‌ನಲ್ಲಿ ನೆನೆಹಾಕುವುದೋ ಹೇಳುವುದು ಕಷ್ಟ. ಟ್ರೈಗ್ಲಿಸರೈಡ್ ಮಾತ್ರ ಬೇಕಿದ್ದರೆ, 400 ಬಾರ್‌ನ ವೆಸೆಲ್ ಕೈಯಲ್ಲಿರುವಾಗ, ಒತ್ತಡ ಏರಿಸುವುದೇ ಸರಿ.

ಗೇಜ್‌ನೋಡಿ

ಒತ್ತಡ ಏರಿಸುವ ಮೊದಲು ಎರಡು ಮಾತು. 400 ಬಾರ್ ರೇಟಿಂಗ್ ಎಷ್ಟು ಡಿಗ್ರಿಗೆ ಎಂದು ಪ್ಲೇಟ್ ನೋಡಿ. ರಪ್ಚರ್ ಡಿಸ್ಕ್ (ಒತ್ತಡ ಮಿತಿ ಮೀರಿದರೆ ತಾನೇ ಒಡೆದು ಗ್ಯಾಸ್ ಬಿಡುವ ತಗಡು) ವೆಸೆಲ್‌ಗೂ ಇರಲಿ, ಪಂಪ್‌ನ ಹೊರದ್ವಾರಕ್ಕೂ ಇರಲಿ. ಅದರ ಬಾಯಿ ಮನುಷ್ಯರ ಕಡೆ ತಿರುಗಿರಬಾರದು, ಪೈಪ್ ಹೊರಗೆ ಹೋಗಲಿ. ಎರಡು ಮುಚ್ಚಿದ ವಾಲ್ವ್‌ಗಳ ನಡುವೆ ತಣ್ಣನೆಯ ದ್ರವ ಸಿಒ2 ಸಿಕ್ಕಿಕೊಳ್ಳುವಂಥ ಜಾಗ ಎಲ್ಲೂ ಬಿಡಬೇಡಿ. ಪೂರ್ತಿ ತುಂಬಿದ ಪೈಪ್ ಬೆಚ್ಚಗಾದರೆ ಒಂದೊಂದು ಡಿಗ್ರಿಗೂ ಒತ್ತಡ ಹಲವು ಬಾರ್ ಏರುತ್ತದೆ. ರಾತ್ರಿ ಚಿಲ್ಲರ್ ಆರಿಸಿ ಹೋದಾಗ ನಡೆಯುವ ಅನಾಹುತ ಇದು.

ಒ–ರಿಂಗ್ (ಸೋರದಂತೆ ಹಾಕುವ ಬಳೆ): ವೈಟಾನ್ ರಬ್ಬರ್ ಎಣ್ಣೆಗೆ ಒಳ್ಳೆಯದು, ಸಿಒ2ಗೆ ಕೆಟ್ಟದ್ದು. ಗ್ಯಾಸ್ ಹೀರಿ ಉಬ್ಬುತ್ತದೆ, ಒತ್ತಡ ಬೇಗ ಇಳಿಸಿದರೆ ಒಳಗಿನಿಂದಲೇ ಬಿರಿಯುತ್ತದೆ. ರಿಂಗ್ ತೆಗೆದು ಬಾಗಿಸಿ ನೋಡಿ: ಮೇಲ್ಮೈಯಲ್ಲಿ ಗುಳ್ಳೆ, ಅಡ್ಡ ಸೀಳು ಕಂಡರೆ ಅದೇ. ಇಪಿಡಿಎಂ ರಬ್ಬರ್ ಸಿಒ2ಗೆ ತಡೆಯುತ್ತದೆ, ಎಣ್ಣೆಗೆ ಊದಿಕೊಳ್ಳುತ್ತದೆ. ಎರಡಕ್ಕೂ ನಿಲ್ಲುವುದು ಸ್ಪ್ರಿಂಗ್ ಇರುವ ಪಿಟಿಎಫ್‌ಇ (ಟೆಫ್ಲಾನ್) ಸೀಲ್. ಏನೇ ಹಾಕಿದರೂ ಒತ್ತಡವನ್ನು ನಿಮಿಷಕ್ಕೆ 5–10 ಬಾರ್‌ನಂತೆ ನಿಧಾನವಾಗಿ ಇಳಿಸಿ. ಕೊನೆಯಲ್ಲಿ ಗೇಜ್ ಸೊನ್ನೆ ತೋರಿಸಿದರೂ ತಕ್ಷಣ ಮುಚ್ಚಳ ತಿರುಗಿಸಬೇಡಿ. 5.2 ಬಾರ್‌ಗಿಂತ ಕೆಳಗೆ ದ್ರವವಿಲ್ಲ, ಡ್ರೈ ಐಸ್ ಮಾತ್ರ. ಪೈಪಿನಲ್ಲಿ ಅದರ ಬಿರಡೆ ಕೂತಿದ್ದರೆ ಗೇಜ್ ಒಂದು ಕಡೆ, ಒತ್ತಡ ಇನ್ನೊಂದು ಕಡೆ.

ಪೈಪ್, ವಾಲ್ವ್ ಎಲ್ಲ ಎಸ್‌ಎಸ್ 316. ಬೀಜದ ತೇವದೊಂದಿಗೆ ಸಿಒ2 ಸೇರಿದರೆ ಕಾರ್ಬಾನಿಕ್ ಆಮ್ಲ, ಪಿಎಚ್ 3ರ ಹತ್ತಿರ. ಸಾಮಾನ್ಯ ಉಕ್ಕು ತುಕ್ಕು ಹಿಡಿಯುತ್ತದೆ.

ಕೋಣೆಯಲ್ಲಿ ಸಿಒ2 ಮೀಟರ್ ನೆಲದ ಹತ್ತಿರ ಇರಲಿ, ಅದು ಗಾಳಿಗಿಂತ ಒಂದೂವರೆ ಪಟ್ಟು ಭಾರ. ಎಂಟು ಗಂಟೆಯ ಮಿತಿ 5000 ಪಿಪಿಎಂ. ನೀವು ಗಂಟೆಗೆ ಬಿಡುವ 1.2 ಕೆಜಿ ಅಂದರೆ 650 ಲೀಟರ್ ಗ್ಯಾಸ್. ಹೊರಗೆ ಪೈಪ್ ಹಾಕಿ.

ಎಣ್ಣೆಗಾಣ

ಹೆಡ್‌ಗೆ ಚಿಲ್ಲರ್ ಲೈನ್, 200 ವ್ಯಾಟ್ ಟೇಪ್, ಎರಡು ವಾಲ್ವ್. ಹರಿವು ಈಗ ಅಲುಗಾಡದೆ ನಿಲ್ಲುತ್ತೆ. 350 ಬಾರ್, 60 ಡಿಗ್ರಿಯಲ್ಲಿ ಮೊದಲ ಗಂಟೆಗೆ 13 ಗ್ರಾಂ, ಎರಡನೇ ಗಂಟೆಗೂ ಹೆಚ್ಚುಕಡಿಮೆ ಅಷ್ಟೇ. ಮೂರನೇ ಗಂಟೆಯಲ್ಲಿ 4ಕ್ಕೆ ಬಿತ್ತು. ಬೀಜದಲ್ಲಿ ಶೇ. 50 ಎಣ್ಣೆ ಇದೆ, ಇನ್ನೂ 20 ಗ್ರಾಂ ಒಳಗಿದೆ. ಮತ್ತೆ ಒತ್ತಡ ಏರಿಸಬೇಕಾ?

ಲೆಕ್ಕಕ್ಕೆ 14 ಬರಬೇಕಿತ್ತು, ಒಂದು ಗ್ರಾಂ ಎಲ್ಲಿ ಹೋಯಿತು ಅನ್ನೋದೂ ಗೊತ್ತಾಗ್ತಿಲ್ಲ.

ಸಾಂದ್ರತೆ_ಮೊದಲು

ಆ ಒಂದು ಗ್ರಾಂ ಬಹುಶಃ ವಾಲ್ವ್‌ನಿಂದ ಸೀಸೆವರೆಗಿನ ಪೈಪಿನಲ್ಲಿ ಅಂಟಿಕೊಂಡಿದೆ, ಇಲ್ಲವೇ ಮಂಜಿನ ಹನಿಯಾಗಿ ಗ್ಯಾಸ್ ಜೊತೆ ಹಾರಿದೆ. ಆ ಪೈಪ್ ಗಿಡ್ಡವಾಗಿರಲಿ, ಸೀಸೆಯ ಕಡೆ ಇಳಿಜಾರಾಗಿರಲಿ. ಓಟ ಮುಗಿದ ಮೇಲೆ ಹೆಕ್ಸೇನ್‌ನಿಂದ ತೊಳೆದು, ಆವಿ ಮಾಡಿ, ಉಳಿದದ್ದನ್ನು ತೂಗಿ. ಮೊದಲ ಸೀಸೆಯ ಹಿಂದೆ ಗಾಜಿನ ಉಣ್ಣೆ ತುಂಬಿದ ಎರಡನೇ ಸೀಸೆ ಇಡಿ. ಅದರ ತೂಕ ಏರಿದರೆ ಹನಿ ಹಾರುತ್ತಿದೆ ಎಂದೇ ಅರ್ಥ.

ತೂಗುವ ಹೊತ್ತೂ ಮುಖ್ಯ. ಎಣ್ಣೆ ಸಿಒ2ವಿನಲ್ಲಿ ಕರಗುವಂತೆ ಸಿಒ2ವೂ ಎಣ್ಣೆಯೊಳಗೆ ಕರಗುತ್ತದೆ, ಅದೂ ಬಹಳಷ್ಟು. ಸೀಸೆಗೆ ಈಗಷ್ಟೇ ಬಿದ್ದ ಎಣ್ಣೆಯನ್ನು ನೋಡಿ: ನೊರೆಯೆದ್ದು, ಹಾಲು ಬೆರೆಸಿದಂತೆ ಮಬ್ಬಾಗಿ ಇರುತ್ತದೆ. ಸಣ್ಣ ಸಣ್ಣ ಗುಳ್ಳೆ ಮೇಲೇರಿ ಒಡೆಯುತ್ತಾ ಹೋಗಿ ನಿಧಾನವಾಗಿ ತಿಳಿಯಾಗುತ್ತದೆ. ಗುಳ್ಳೆ ಹೋದ ಮೇಲೂ ಮಬ್ಬು ಉಳಿದರೆ ಅದು ನೀರು. ತೂಕ ಎರಡು ಸಲ ಒಂದೇ ಬರುವವರೆಗೆ ಕಾಯಿರಿ.

ಕರಗುವಿಕೆಯನ್ನೇ ಅಳೆಯುವುದು ನಿಮ್ಮ ಉದ್ದೇಶವಾದರೆ ಬೀಜ ಹಾಕಬೇಡಿ. ಎಣ್ಣೆಯನ್ನು ಗಾಜಿನ ಮಣಿಗಳ ಮೇಲೆ ಲೇಪಿಸಿ ತುಂಬಿ, ಮೂರು ಬೇರೆ ಹರಿವಿನಲ್ಲಿ ಓಡಿಸಿ. ಮೂರಕ್ಕೂ ಕೆಜಿಗೆ ಒಂದೇ ಗ್ರಾಂ ಬಂದರೆ ಮಾತ್ರ ಅದು ಕರಗುವಿಕೆ. ಹರಿವು ಹೆಚ್ಚಿಸಿದಾಗ ಇಳಿದರೆ ಸಿಒ2ಗೆ ತುಂಬಿಕೊಳ್ಳಲು ಸಮಯ ಸಾಲುತ್ತಿಲ್ಲ. ಏರಿದರೆ ಇನ್ನೂ ಕೆಟ್ಟದ್ದು: ಕರಗದ ಎಣ್ಣೆಯನ್ನು ಹನಿಯಾಗಿ ತಳ್ಳಿಕೊಂಡು ಬರುತ್ತಿದೆ.

ಜರಡಿ60

ಮೂರನೇ ಗಂಟೆಯ ಕುಸಿತಕ್ಕೆ ಒತ್ತಡ ಮದ್ದಲ್ಲ. ಪುಡಿ ನೋಡಿ.

ಬೀಜದ ಎಣ್ಣೆ ಕೋಶಗಳೊಳಗೆ ಸಣ್ಣ ಸಣ್ಣ ಹನಿಗಳಾಗಿ ಇರುತ್ತದೆ. ಪುಡಿ ಮಾಡಿದಾಗ ಒಡೆದ ಕೋಶಗಳ ಎಣ್ಣೆ ಮೇಲ್ಮೈಗೆ ಬರುತ್ತದೆ. ಸಿಒ2 ಅದನ್ನು ಕರಗುವಿಕೆಯ ಮಿತಿಯವರೆಗೂ ತುಂಬಿಕೊಂಡು ಹೋಗುತ್ತದೆ, ಹೊತ್ತು ಕಳೆದಂತೆ ಬಂದ ಎಣ್ಣೆಯ ಗ್ರಾಫ್ ನೇರ ಗೆರೆ. ಆ ಎಣ್ಣೆ ಮುಗಿದ ಕೂಡಲೆ ಉಳಿಯುವುದು ಒಡೆಯದ ಕೋಶಗಳದ್ದು. ಅದು ಕೋಶಭಿತ್ತಿ ದಾಟಿ ಬರಬೇಕು, ಗಂಟೆಗಟ್ಟಲೆ. ಸೊವೊವಾ 1994ರಲ್ಲಿ ಕೊಟ್ಟ ಮಾದರಿ ಇದೇ: ಸುಲಭದ ಎಣ್ಣೆ ಒಂದು ಪಾಲು, ಕಷ್ಟದ ಎಣ್ಣೆ ಇನ್ನೊಂದು ಪಾಲು. ಗೆರೆ ಬಾಗುವ ಜಾಗವೇ ನಿಮ್ಮ ಅರೆತ ಎಷ್ಟು ಕೋಶ ಒಡೆದಿದೆ ಎಂದು ಹೇಳುತ್ತದೆ. ನಿಮ್ಮದರಲ್ಲಿ 50ರಲ್ಲಿ 26–28 ಗ್ರಾಂ. ಅರ್ಧಕ್ಕೆ ಚೂರು ಮೇಲೆ. ಒರಟು ಪುಡಿ.

ಜರಡಿ ಹಿಡಿಯಿರಿ: 0.3ರಿಂದ 0.8 ಮಿಮೀ ನಡುವೆ ಬಹುಪಾಲು ಇರಬೇಕು. ಒಂದು ಮಿಮೀ ಮೇಲಿನದನ್ನು ಮತ್ತೆ ಅರೆಯಿರಿ. ಹಾಗಂತ ಹಿಟ್ಟು ಮಾಡಬೇಡಿ. ಸಿಪ್ಪೆ ತೆಗೆದ, ಶೇ. 50 ಎಣ್ಣೆಯ ಬೀಜ ನುಣ್ಣಗೆ ಅರೆದರೆ ಪುಡಿಯಾಗುವುದಿಲ್ಲ, ಬೆಣ್ಣೆಯಂತಾಗುತ್ತದೆ. ವೆಸೆಲ್‌ನಲ್ಲಿ ಒತ್ತಿಕೊಂಡು ಗಟ್ಟಿ ಮುದ್ದೆಯಾಗಿ, ಸಿಒ2 ಒಂದೆರಡು ಕಡೆ ಬಿರುಕು ಕೊರೆದುಕೊಂಡು ಅದರಲ್ಲೇ ಓಡಿಹೋಗುತ್ತದೆ. ಉಳಿದ ಮುದ್ದೆಗೆ ಗ್ಯಾಸ್ ತಾಗುವುದೇ ಇಲ್ಲ. ನುಣುಪು ಕಣಗಳು ಮೇಲಿನ ಫ್ರಿಟ್‌ಗೂ (ಸೋಸುವ ಬಿಲ್ಲೆ) ಮೆತ್ತಿ ಒತ್ತಡ ವ್ಯತ್ಯಾಸ ಏರಿಸುತ್ತವೆ.

ಅರೆಯುವಾಗ ಡ್ರೈ ಐಸ್ ಚೂರು ಸೇರಿಸಿ, ಎಣ್ಣೆ ಗಟ್ಟಿಯಾಗಿ ಬೀಜ ಒಡೆಯುತ್ತದೆ ಹೊರತು ಮೆತ್ತುವುದಿಲ್ಲ. ಡ್ರೈ ಐಸ್ ಆರಿದ ಮೇಲೆ ಹಬೆ ನೀರು ಕೂರದಂತೆ ಮುಚ್ಚಿದ ಡಬ್ಬಿಯಲ್ಲೇ ಕೋಣೆಯ ಬಿಸಿಗೆ ಬರಲಿ. ಡಬ್ಬಿಯ ಮುಚ್ಚಳ ಮಾತ್ರ ಬಿಗಿ ಮಾಡಬೇಡಿ, ಗ್ಯಾಸ್ ಹೊರಹೋಗಬೇಕು. ಇನ್ನೂ ಒಳ್ಳೆಯ ದಾರಿ, ಮೊದಲು ಸ್ಕ್ರೂ ಪ್ರೆಸ್‌ನಲ್ಲಿ ಹಿಂಡಿ ಶೇ. 15–20 ಎಣ್ಣೆಗೆ ಇಳಿಸಿ, ಆ ಹಿಂಡಿಯನ್ನು ಒಡೆದು ವೆಸೆಲ್‌ಗೆ ಹಾಕುವುದು. ಪ್ರೆಸ್‌ನ ಒತ್ತಡ ಕೋಶ ಒಡೆಯುವ ಕೆಲಸವನ್ನೂ ಮಾಡುತ್ತದೆ, ಸಿಒ2 ಹೊರಬೇಕಾದ ಎಣ್ಣೆಯೂ ಕಾಲು ಭಾಗ ಅಥವಾ ಅದಕ್ಕಿಂತ ಕಡಿಮೆಯಾಗುತ್ತದೆ. ಶೇ. 50 ಎಣ್ಣೆಯನ್ನೆಲ್ಲ ಸಿಒ2ವಿನಿಂದಲೇ ಎತ್ತುತ್ತೇನೆ ಎನ್ನುವುದು ಕೆರೆ ನೀರನ್ನು ಚಮಚದಲ್ಲಿ ಮೊಗೆದಂತೆ.

ತೇವ ಶೇ. 5–8 ಇದ್ದರೆ ಸಾಕು. ತೀರಾ ಒಣಗಿಸುವ ಹಠ ಬೇಡ, ಎಣ್ಣೆಯ ಪ್ರಮಾಣ ಅದರಿಂದ ಹೆಚ್ಚೇನೂ ಏರುವುದಿಲ್ಲ. ಶೇ. 12 ದಾಟಿದರೆ ಮಾತ್ರ ನೀರು ವಾಲ್ವ್‌ಗೆ ಬಂದು ಕಾಡುತ್ತದೆ.

ಬೀಜಗಣಿತ

ಜರಡಿಯವರ ಮಾತು ಒಪ್ಪಿದೆ, ಆದರೆ ಬೆಡ್‌ನಲ್ಲಿ ಬಿರುಕು ಬಿದ್ದಿದ್ದರೂ ಗೆರೆ ಹೀಗೇ ಬಾಗಬಹುದು. ಇವರ ಹರಿವು ನಿಮಿಷಕ್ಕೆ 23 ಮಿಲಿ, 12.6 ಚದರ ಸೆಂಮೀ ಅಡ್ಡಕೊಯ್ತಕ್ಕೆ ಅದು ಸೆಕೆಂಡಿಗೆ 0.3 ಮಿಮೀ. ಬಹಳ ನಿಧಾನ. ಇಷ್ಟು ನಿಧಾನದಲ್ಲಿ ದಿಕ್ಕೂ ಲೆಕ್ಕಕ್ಕೆ ಬರುತ್ತದೆ. ಎಣ್ಣೆ ಹೊತ್ತ ಸಿಒ2 ಬರಿ ಸಿಒ2ಗಿಂತ ಭಾರ. ಕೆಳಗಿನಿಂದ ಮೇಲಕ್ಕೆ ಹರಿಸಿದರೆ ಭಾರವಾದದ್ದು ಮತ್ತೆ ಕೆಳಗಿಳಿದು ಹೊಸ ಸಿಒ2 ಜೊತೆ ಕಲೆಯುತ್ತದೆ. ಮೇಲಿನಿಂದ ಕೆಳಕ್ಕೆ ಹರಿಸಿ ನೋಡಿ, ಪೈಪ್ ಬದಲಿಸುವಷ್ಟೇ ಕೆಲಸ.

ಎಣ್ಣೆಗಾಣ

ಈಗ ಕೆಳಗಿನಿಂದ ಮೇಲಕ್ಕೇ ಇದೆ. ಬದಲಿಸ್ತೀನಿ. ಬಿರುಕೋ ಒರಟು ಪುಡಿಯೋ ಅಂತ ತಿಳಿಯೋದು ಹೇಗೆ?

ಇನ್ನೊಂದು ಪ್ರಶ್ನೆ, ಸಿಒ2 ಗಾಳಿಗೆ ಬಿಡದೆ ಮರಳಿ ಬಳಸುವುದಾದರೆ ಎಣ್ಣೆ ಬೇರ್ಪಡಿಸೋ ಸೆಪರೇಟರ್ ಎಷ್ಟು ಒತ್ತಡದಲ್ಲಿ ಇಡಬೇಕು? ಎಲ್ಲರೂ 50–60 ಬಾರ್ ಅಂತಾರೆ.

ಸಾಂದ್ರತೆ_ಮೊದಲು

ಎರಡನೆಯದಕ್ಕೆ ಮೊದಲು ಉತ್ತರ, ಏಕೆಂದರೆ ಅದು ನಿಮ್ಮ ಮೊದಲ ಪ್ರಶ್ನೆಯೇ ತಿರುವುಮುರುವಾಗಿ ಬಂದದ್ದು. ಕ್ರಾಸ್‌ಓವರ್‌ಗಿಂತ ಕೆಳಗೆ ಬಿಸಿ ಏರಿಸಿದರೆ ಎಣ್ಣೆ ಉದುರುತ್ತದೆ ಎಂದು ಬೇಸರವಾಗಿತ್ತಲ್ಲ. ಸೆಪರೇಟರ್‌ಗೆ ಬೇಕಾದ್ದು ಅದೇ! 150 ಬಾರ್, 60 ಡಿಗ್ರಿಯಲ್ಲಿ ಕೆಜಿ ಸಿಒ2ಗೆ ಉಳಿಯುವುದು 0.37 ಗ್ರಾಂ. ಬಂದದ್ದು 12 ಗ್ರಾಂ, ಶೇ. 97 ಬಿದ್ದುಹೋಯಿತು. ಅದೇ 150 ಬಾರ್‌ನಲ್ಲಿ 80 ಡಿಗ್ರಿಗೆ ಏರಿಸಿದರೆ ಸಾಂದ್ರತೆ 0.43ಕ್ಕೆ ಕುಸಿದು ಎಣ್ಣೆ ಕೆಜಿಗೆ 0.04 ಗ್ರಾಂಗಿಂತ ಕಡಿಮೆ. 60 ಬಾರ್‌ಗೆ ಇಳಿಸಿ, ತಣಿಸಿ ದ್ರವ ಮಾಡಿ, ಮತ್ತೆ 350ಕ್ಕೆ ಒತ್ತುವ ಬದಲು 150ರಿಂದ ಒತ್ತಿದರೆ ಶಕ್ತಿ ಉಳಿತಾಯ. ಆದರೆ ಮರಳುವ ಸಿಒ2ವಿನಲ್ಲಿ ಎಣ್ಣೆ ಉಳಿದಷ್ಟೂ ಹಿಂಡಿಯ ಕೊನೆಯ ಶೇಕಡಾ ಒಂದೆರಡು ತೆಗೆಯುವುದು ಕಷ್ಟ, ಅದಕ್ಕೇ 80 ಡಿಗ್ರಿ. ಸುವಾಸನೆಯ ಅಣುಗಳು, ನೀರು ಮಾತ್ರ 150ರಲ್ಲಿ ಬೀಳದೆ ಸುತ್ತುತ್ತಲೇ ಇರುತ್ತವೆ. ಅವುಗಳಿಗಾಗಿ ಆಗಾಗ ಒಂದು ಪಾಲನ್ನು 50–60 ಬಾರ್‌ನ ಎರಡನೇ ಸೆಪರೇಟರ್ ಮೂಲಕ ಹಾಯಿಸಿ.

ಜರಡಿ60

ಬಿರುಕೋ ಪುಡಿಯೋ ತಿಳಿಯಲು: ಓಟ ಮುಗಿದ ಮೇಲೆ ಬೆಡ್ ಅನ್ನು ಕಲಕದೆ ಇಡಿಯಾಗಿ ಹೊರಗೆ ತಳ್ಳಿ. ಮೇಲಿನ, ನಡುವಿನ, ಕೆಳಗಿನ ಮೂರು ಬಿಲ್ಲೆ ಮಾಡಿ. ಪ್ರತಿ ಬಿಲ್ಲೆಯ ನಡುವಿನಿಂದಲೂ ಗೋಡೆಯ ಪಕ್ಕದಿಂದಲೂ 5 ಗ್ರಾಂ ತೆಗೆದು ಸಾಕ್ಸ್‌ಲೆಟ್‌ನಲ್ಲಿ (ದ್ರಾವಕವನ್ನು ಮತ್ತೆ ಮತ್ತೆ ಹಾಯಿಸಿ ಎಣ್ಣೆ ತೆಗೆಯುವ ಉಪಕರಣ) ಹೆಕ್ಸೇನ್ ಹಾಕಿ ಉಳಿದ ಎಣ್ಣೆ ನೋಡಿ. ಒಂದೇ ಬಿಲ್ಲೆಯಲ್ಲಿ ಗೋಡೆಯ ಪಕ್ಕ ಕಡಿಮೆ, ನಡುವೆ ಹೆಚ್ಚು ಬಂದರೆ ಸಿಒ2 ಗೋಡೆ ಹಿಡಿದು ಓಡಿದೆ. ಕಣ್ಣಿಗೂ ಕಾಣುತ್ತದೆ: ಎಣ್ಣೆ ಹೋದ ಪುಡಿ ಬಿಳಿಚಿಕೊಂಡು ಹಗುರಾಗಿರುತ್ತದೆ, ಹೋಗದ್ದು ಬೂದು ಬಣ್ಣಕ್ಕೆ ತಿರುಗಿ ಬೆರಳಿಗೆ ಜಿಡ್ಡು ಹತ್ತುತ್ತದೆ.

ಎಲ್ಲೆಡೆ ಒಂದೇ ಬಂದರೆ, ಉಳಿದ ಪುಡಿಯನ್ನು ಮತ್ತೆ ಅರೆದು ಅದೇ 350 ಬಾರ್, 60 ಡಿಗ್ರಿಯಲ್ಲಿ ಅರ್ಧ ಗಂಟೆ ಓಡಿಸಿ. ಮತ್ತೆ ಗಂಟೆಗೆ 13ರ ವೇಗದಲ್ಲಿ ಎಣ್ಣೆ ಇಳಿಯಲು ಶುರುವಾದರೆ ತಪ್ಪು ಗಿರಣಿಯದ್ದು. ಸಾಕ್ಸ್‌ಲೆಟ್‌ಗೆ ಹಾಕುವ ಮಾದರಿಯನ್ನೂ ಮತ್ತೆ ಅರೆದೇ ಹಾಕಿ, ಇಲ್ಲದಿದ್ದರೆ ಒಡೆಯದ ಕೋಶದ ಎಣ್ಣೆ ಹೆಕ್ಸೇನ್‌ಗೂ ಪೂರ್ತಿ ಸಿಗುವುದಿಲ್ಲ, ಶೇ. 50 ಎಂದು ನೀವು ಹಿಡಿದ ಅಂಕಿಯೇ ಕಡಿಮೆಯಾದೀತು.

ಎಣ್ಣೆಗಾಣ

ಆ ಶೇ. 50 ಮತ್ತೆ ಅರೆಯದೇ ತೆಗೆದದ್ದು. ಮೊದಲು ಅದನ್ನೇ ಮತ್ತೆ ಮಾಡ್ತೀನಿ.